ಒಂದೇ ಕ್ಯಾಂಪಸ್, ಬೇರೆ ಬೇರೆ ಟೇಬಲ್

ಅಲೆಮಾರಿ: ಕಾಲೇಜಿಗೆ ನಾನಾ ಜನಾಂಗದವರನ್ನು ಸೇರಿಸಿಕೊಂಡರೆ ಸಾಕು, ಪೂರ್ವಗ್ರಹ ತಾನಾಗೇ ಕರಗುತ್ತದೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕ್ಲಾಸಲ್ಲಿ ಪಕ್ಕಪಕ್ಕ ಕೂರುತ್ತಾರೆ, ಊಟಕ್ಕೆ ಅವರವರ ಟೇಬಲ್. ಹೊಸಬಳೊಬ್ಬಳು ತಟ್ಟೆ ಹಿಡಿದು ಕ್ಯಾಂಟೀನ್ ಪೂರ್ತಿ ಕಣ್ಣಾಡಿಸಿ, ತನ್ನ ಭಾಷೆ ಕಿವಿಗೆ ಬಿದ್ದ ಕಡೆಗೇ ಹೋಗುತ್ತಾಳೆ. ಒಟ್ಟಿಗೆ ನಗುವುದೆಲ್ಲ ಕಾಲೇಜಿನ ಬ್ರೋಷರ್‌ನಲ್ಲಿ!

ಹಾಸ್ಟೆಲ್ ಹಕ್ಕಿ: ಟೇಬಲ್ ನಾವೇ ಆರಿಸಿಕೊಳ್ಳುತ್ತೇವೆ, ಅಲ್ವಾ? ರೂಮ್‌ಮೇಟ್ ಯಾರು ಅಂತ ಆಫೀಸಿನವರು ಹಾಕಿದರೆ ಕತೆಯೇ ಬೇರೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಬೇರೆ ಜನಾಂಗದವರ ಜೊತೆ ಇದ್ದ ಬಿಳಿಯರಲ್ಲಿ ಕಪ್ಪು ಜನರ ಬಗ್ಗೆ ಇದ್ದ ಕೀಳು ಭಾವನೆ ಕಡಿಮೆಯಾಯಿತು. ಅಂಥ ರೂಮಿನ ಕಪ್ಪು ವಿದ್ಯಾರ್ಥಿಗಳ ಅಂಕವೂ ಏರಿತು.

ತಕರಾರು ತಮ್ಮಯ್ಯ: ಅಷ್ಟು ಸಲೀಸಲ್ಲ ರೀ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಸೇರಿದ ಬ್ಯಾಚನ್ನು ವರ್ಷಗಟ್ಟಲೆ ಗಮನಿಸಿದರು. ಬೇರೆ ಜನಾಂಗದ ರೂಮ್‌ಮೇಟ್ ಇದ್ದವರಲ್ಲಿ ಒಟ್ಟಾರೆ ಪೂರ್ವಗ್ರಹ ಇಳಿಯಿತು, ನಿಜ. ಆದರೆ ಏಷ್ಯಾ ಮೂಲದ ರೂಮ್‌ಮೇಟ್ ಸಿಕ್ಕವರಲ್ಲಿ ಉಲ್ಟಾ ಹೊಡೆಯಿತು. ಅದೂ ಅಲ್ಲದೆ ಬೇರೆ ಬೇರೆ ಜನಾಂಗದವರಿರುವ ರೂಮಲ್ಲಿ ಅಸಮಾಧಾನವೂ ಜಾಸ್ತಿ.

ಹಾಸ್ಟೆಲ್ ಹಕ್ಕಿ: ಅರ್ಧ ಹೇಳಿ ನಿಲ್ಲಿಸಿದಿರಿ. ಆ ಅಸಮಾಧಾನವನ್ನು ತೋರಿಸಿದ್ದು ಶೂಕ್ ಮತ್ತು ಫಾಜಿಯೋ ಅನ್ನುವ ಸಂಶೋಧಕರು, 2008ರ ಇನ್ನೊಂದು ಅಧ್ಯಯನದಲ್ಲಿ. ಅದೇ ರೂಮುಗಳ ಬಿಳಿ ವಿದ್ಯಾರ್ಥಿಗಳಲ್ಲಿ, ತಮಗೇ ಗೊತ್ತಿಲ್ಲದೆ ಒಳಗಿದ್ದ ಪೂರ್ವಗ್ರಹ ಕೆಲವೇ ತಿಂಗಳಲ್ಲಿ ಇಳಿದಿತ್ತು ಅಂತಲೂ ಅವರೇ ಬರೆದಿದ್ದಾರೆ. ಲೈಟ್ ಯಾವಾಗ ಆರಿಸಬೇಕು ಅಂತ ದಿನಾ ಕಿತ್ತಾಡಿದರೂ, ಪಕ್ಕದ ಮಂಚದಲ್ಲಿರುವುದು ಯಾವುದೋ ಒಂದು ಜನಾಂಗ ಅಲ್ಲ, ಗೊರಕೆ ಹೊಡೆಯುವ, ಪರೀಕ್ಷೆಗೆ ಹೆದರುವ ಒಬ್ಬ ಹುಡುಗ ಅಂತ ಗೊತ್ತಾಗುತ್ತದಲ್ಲ.

ನೀಲಿ ಶಾಯಿ: ನೀವೆಲ್ಲ ಬಹುಸಂಖ್ಯಾತರ ಮನಸ್ಸು ತಿದ್ದುವ ಮಾತೇ ಆಡುತ್ತಿದ್ದೀರಿ. ಗುಂಪಲ್ಲಿ ಒಬ್ಬಳೇ ಬೇರೆಯವಳಾಗಿದ್ದರೆ ‘ನಿಮ್ಮಲ್ಲಿ ಹೀಗೇನಾ?’, ‘ನಿಮ್ಮ ಕೂದಲು ಮುಟ್ಟಲಾ?’ ಅನ್ನುವುದಕ್ಕೆಲ್ಲ ದಿನಾ ನಗುತ್ತಾ ಉತ್ತರ ಕೊಡಬೇಕು. ಪೆಟ್ಟಿಗ್ರೂ ಮತ್ತು ಟ್ರಾಪ್ ಅನ್ನುವ ಸಂಶೋಧಕರು 500ಕ್ಕೂ ಹೆಚ್ಚು ಅಧ್ಯಯನ ಒಟ್ಟು ಹಾಕಿ ನೋಡಿದರು. ಬೆರೆತರೆ ಪೂರ್ವಗ್ರಹ ಇಳಿಯುತ್ತದೆ ಅಂತ ಅವರಿಗೂ ಕಂಡಿತು, ಆದರೆ ಅಲ್ಪಸಂಖ್ಯಾತರಲ್ಲಿ ಆ ಪರಿಣಾಮ ಕಡಿಮೆ. ಹಾಗೆ ಒಬ್ಬಳೇ ಆದವಳಿಗೆ ತನ್ನವರ ಆ ಟೇಬಲ್ ಬೇಕು.

ಅಲೆಮಾರಿ: ಟೇಬಲ್ ಇರಲಿ, ನನ್ನದೇನೂ ತಕರಾರಿಲ್ಲ. ಬೆರೆಸುವ ಕೆಲಸ ಲ್ಯಾಬಿನಲ್ಲಿ ಆಗಲಿ. ಜೋಡಿಯನ್ನು ಮೇಷ್ಟ್ರೇ ಹಾಕಲಿ, ಇಬ್ಬರಿಗೂ ಒಂದೇ ಮಾರ್ಕ್ಸ್ ಕೊಡಲಿ. ಸುಮ್ನೆ ಬಿಟ್ಟರೆ, ಕ್ಯಾಂಪಸ್ ದೊಡ್ಡದಾದಷ್ಟೂ ನಮ್ಮಂಥವರನ್ನೇ ಹುಡುಕಿಕೊಳ್ಳುವುದು ಸುಲಭ.

ನೀಲಿ ಶಾಯಿ: ಆ ಜೋಡಿಯಲ್ಲೂ ಒಬ್ಬ ಪ್ರಯೋಗ ಮಾಡಿ, ಇನ್ನೊಬ್ಬಳು ಬರೀ ರೆಕಾರ್ಡ್ ಬರೆಯುತ್ತಾ ಕೂತರೆ? ಸಮಾನ ಸ್ಥಾನ ಇರಬೇಕು ಅಂತ ಮನಶ್ಶಾಸ್ತ್ರಜ್ಞ ಆಲ್ಪೋರ್ಟ್ 1954ರಲ್ಲೇ ಹೇಳಿದ್ದು ಇದಕ್ಕೇ. ಕೆಲಸಕ್ಕೂ ಸರದಿ ಹಾಕಿಸಿ.