ಮಲ್ಲಿಗೆ ಚೆಂಡು ಹಂಚುವ ಲೆಕ್ಕ, 5 ಅಟ್ಟೆ ಯಾಕೆ ತಪ್ಪು?

ದಾವಣಗೆರೆ ಅಮ್ಮ:
ಮಗಳು 8ನೇ ಕ್ಲಾಸು. ನಾವು ಉಡುಪಿಗೆ ಬಂದು ಒಂದು ವರ್ಷ ಆಯ್ತು ಅಷ್ಟೆ. ಟೀಚರ್ ಕೊಟ್ಟ ಲೆಕ್ಕ ಇದು: "ಬುಟ್ಟಿಯಲ್ಲಿ ಮಲ್ಲಿಗೆ ಚೆಂಡುಗಳಿವೆ. ಡಾನ್ಸಿನ ಮಕ್ಕಳಿಗೆ ತಲಾ 3 ಚೆಂಡು ಕೊಟ್ಟರೆ 8 ಉಳಿಯುತ್ತವೆ. ತಲಾ 4 ಕೊಡಲು ಹೋದರೆ 4 ಕಮ್ಮಿ ಬೀಳುತ್ತವೆ. ಬುಟ್ಟಿಯಲ್ಲಿ ಎಷ್ಟು ಅಟ್ಟೆ ಹೂವಿದೆ?" ಅಟ್ಟೆ ಅಂದ್ರೆ ಏನಂತಲೇ ನನಗೆ ಗೊತ್ತಿರಲಿಲ್ಲ, ಪಕ್ಕದ ಮನೆಯವರನ್ನು ಕೇಳಿದರೆ 4 ಚೆಂಡಿಗೆ ಒಂದು ಅಟ್ಟೆ ಅಂದರು. ಮಕ್ಕಳ ಸಂಖ್ಯೆ 'ಮ' ಅಂತ ಇಟ್ಟುಕೊಂಡು 3ಮ + 8 = 4ಮ + 4 ಅಂತ ಬರೆದೆವು. ಮ = 4, ಚೆಂಡು 20, ಅಟ್ಟೆ 5. ಶೇಷವೂ ಉಳಿಯಲಿಲ್ಲ, ಸರಿಯೇ ಇರಬೇಕು ಅಂದುಕೊಂಡರೆ ಪುಸ್ತಕದ ತುಂಬ ಕೆಂಪು ಗೆರೆ. ತಪ್ಪಿದ್ದೆಲ್ಲಿ?

ಲೆಕ್ಕದ ಹುಚ್ಚು:
ಎಡಗಡೆ ಸರಿ ಉಂಟು. ಬಲಗಡೆ ಕೂಡಿಸಿದ್ದೇ ತಪ್ಪು. ಕಮ್ಮಿ ಬಿತ್ತು ಅಂದ್ರೆ ಬೇಕಾದದ್ದು 4ಮ, ಕೈಯಲ್ಲಿರುವುದು ಅದಕ್ಕಿಂತ 4 ಕಡಿಮೆ. ಹಾಗಾಗಿ
3ಮ + 8 = 4ಮ − 4
ಮ = 12. ಚೆಂಡು 44, ಅಟ್ಟೆ 11.
ಶೇಷ ಬರಲಿಲ್ಲ ಅಂತ ನಂಬಬೇಡಿ. ನಿಮ್ಮ ಉತ್ತರವನ್ನೇ ಹಂಚಿ ನೋಡಿ: 4 ಮಕ್ಕಳು, 20 ಚೆಂಡು, ತಲಾ 4 ಕೊಟ್ಟರೆ 16 ಹೋಯ್ತು, ಇನ್ನೂ 4 ಬುಟ್ಟಿಯಲ್ಲೇ ಇದೆಯಲ್ಲ! ಕಮ್ಮಿ ಎಲ್ಲಿ ಬಿತ್ತು?

ಕಟಪಾಡಿ ಕಡೆಯವ:
ಸಮೀಕರಣ ಎಲ್ಲ ಎಂತಕ್ಕೆ ಮಾರಾಯ್ರೆ. ತಲಾ 3 ಕೊಟ್ಟಾಗಿದೆ, 8 ಉಳಿದಿದೆ. ಈಗ ಒಬ್ಬೊಬ್ಬರಿಗೆ ಇನ್ನೊಂದು ಚೆಂಡು ಕೊಡುತ್ತಾ ಹೋಗಿ. 8 ಜನರಿಗೆ ಸಿಕ್ಕಿತು, 4 ಜನ ಸುಮ್ನೆ ಕೈ ಒಡ್ಡಿ ನಿಂತರು. ಒಟ್ಟು 12 ಮಕ್ಕಳು, ಮುಗಿಯಿತು.

ಆದ್ರೂ ಈ ಲೆಕ್ಕ ಬರೆದವರು ನಮ್ಮ ಮಲ್ಲಿಗೆ ಬೆಳೆಯುವ ಊರು ಶಂಕರಪುರದ ಕಡೆ ಬಂದೇ ಇಲ್ಲ ಅನ್ನಿಸುತ್ತೆ. ಒಂದು ಚೆಂಡು ಅಂದ್ರೆ ಬಾಳೆನಾರಿನಲ್ಲಿ ಕಟ್ಟಿದ ಸುಮಾರು 800 ಮೊಗ್ಗು. ತಲಾ 4 ಅಂದ್ರೆ 3200. ಡಾನ್ಸ್ ಮಾಡುವ ಮಗು ತಲೆ ಎತ್ತುವುದು ಹೇಗೆ?

ದಾವಣಗೆರೆ ಅಮ್ಮ:
ಹಹ್ಹ, ಚೆಂಡು ಅಂದ್ರೆ ಒಂದು ಮೊಳ ಇರಬಹುದು ಅಂದುಕೊಂಡಿದ್ದೆ. ಇಬ್ಬರಿಗೂ ಥ್ಯಾಂಕ್ಸ್. ಕೈ ಒಡ್ಡಿ ನಿಂತ 4 ಜನರ ಕಥೆ ಹೇಳಿದ ಮೇಲೆ ಮೈನಸ್ ಯಾಕೆ ಅಂತ ಅವಳಿಗೆ ಹೊಳೆಯಿತು. ಆಮೇಲೆ ಅವಳೇ ಇನ್ನೊಂದು ಹೇಳಿದಳು: ತಲಾ 4 ಚೆಂಡು ಅಂದ್ರೆ ತಲಾ ಒಂದು ಅಟ್ಟೆ, 12 ಮಕ್ಕಳಿಗೆ 12 ಅಟ್ಟೆ ಬೇಕು, ಕಮ್ಮಿ ಬಿದ್ದ 4 ಚೆಂಡು ಅಂದ್ರೆ ಒಂದು ಅಟ್ಟೆ, ಅದಕ್ಕೇ 11. 44ರ ಗೊಡವೆಯೇ ಬೇಡವಂತೆ! ಹೀಗೆ ಬರೆದರೆ ಟೀಚರ್ ಮಾರ್ಕ್ಸ್ ಕೊಡ್ತಾರಾ?

ಲೆಕ್ಕದ ಹುಚ್ಚು:
ಸಮೀಕರಣ ಮೇಲೆ ಬರೆಯಲಿ, ಇದನ್ನು ತಾಳೆ ನೋಡುವ ಜಾಗದಲ್ಲಿ ಹಾಕಲಿ. ಮಗಳು ನಮ್ಮಿಬ್ಬರಿಗಿಂತ ಜೋರು ಇದ್ದಾಳೆ.