ಬೆಲ್ಲಿಬೋರ್ಡ್ ಮೂತಿ ಬಗ್ಗಿಸಿದ್ದು ನಿಲ್ತಿಲ್ಲ, ಪದರ ಬೇರೆ ಬಿಡ್ತಿದೆ

ಮಂಡ್ಯದ_ಅಲೆ:
ಸಸಿಹಿತ್ಲು ಕಡಲಲ್ಲಿ ಬೋರಲು ಮಲಗಿ ಅಲೆ ಹತ್ತೋಕೆ ಅಂತ ಪ್ಲೈವುಡ್‌ನಲ್ಲಿ ಬೆಲ್ಲಿಬೋರ್ಡ್ ಮಾಡ್ತಿದ್ದೀನಿ. ನಾಲ್ಕಡಿ ಉದ್ದ, ಒಂದಡಿ ಅಗಲ, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಹಳೇ ಬೋರ್ಡ್‌ಗಳ ಅಳತೆ ಹೆಚ್ಚುಕಮ್ಮಿ ಇಷ್ಟೇ. ದಪ್ಪ 9 ಎಂಎಂ. ಮುಂದಿನ ಒಂದಡಿಯನ್ನ ಆಲೆಮನೆ ಕೊಪ್ಪರಿಗೆಯಲ್ಲಿ ಕುದಿಯೋ ನೀರಿಗೆ ಅದ್ದಿ, ಬಗ್ಗಿಸಿ ಕ್ಲ್ಯಾಂಪ್ ಹಾಕಿದ್ದೆ. ಬಿಚ್ಚಿದ ತಕ್ಷಣ ಎರಡಿಂಚು ಎದ್ದಿದ್ದ ಮೂತಿ ಅರ್ಧ ಇಂಚಿಗೆ ಇಳೀತು. ಅಂಚಲ್ಲಿ ಪದರದ ಸಂದಿಗೆ ಉಗುರು ತೂರುತ್ತೆ. ಇನ್ನೂ ಜಾಸ್ತಿ ಹೊತ್ತು ಕುದಿಸಬೇಕಾ?

ಗರಗಸ_ಮೈಸೂರು:
ಬೇಡಿ! ಹಲಗೆ ಮೇಲಿನ ಸೀಲ್‌ನಲ್ಲಿ ಏನಿದೆ ನೋಡಿ.

ಮಂಡ್ಯದ_ಅಲೆ:
ಐಎಸ್ ಗುಣಮಟ್ಟದ ನಂಬರು 303, ದರ್ಜೆ ಎಂಆರ್. ಅಂಗಡಿಯವರು ‘ವಾಟರ್‌ಪ್ರೂಫೇ ಸಾರ್’ ಅಂದ್ರು.

ಗರಗಸ_ಮೈಸೂರು:
ಎಲ್ರೂ ಹಾಗೇ ಅನ್ನೋದು. ಎಂಆರ್ ಅಂದ್ರೆ ತೇವ ತಡೆಯುತ್ತೆ ಅಷ್ಟೇ. ಅದರೊಳಗಿನ ಯೂರಿಯಾ ಅಂಟು ಕುದಿನೀರಿಗೆ ಬಿಟ್ಟುಕೊಳ್ಳುತ್ತೆ. ನಿಮಗೆ ಬೇಕಾದ್ದು ಐಎಸ್ 710, ಬಿಡಬ್ಲ್ಯುಪಿ (ಅಂದ್ರೆ ಕುದಿನೀರಿಗೂ ಜಗ್ಗದ) ಮರೈನ್ ಪ್ಲೈ. ಫಿನಾಲಿಕ್ ಅಂಟಿನದು, 72 ಗಂಟೆ ಕುದಿಸೋ ಪರೀಕ್ಷೆ ತಡೆಯಬೇಕು.

ಆದ್ರೆ ಅದನ್ನ ತಂದು ಕುದಿಸಿದರೂ ಮೂತಿ ನಿಲ್ಲಲ್ಲ, ಅದು ಬೇರೆ ರೋಗ. ಗಟ್ಟಿಮರ ಹಬೆಗೆ ಮೆತ್ತಗಾಗಿ ಬಗ್ಗಿದಂಗೇ ಉಳಿಯುತ್ತೆ. ಪ್ಲೈನಲ್ಲಿ ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ನಡುವೆ ಬಿಸಿಗೆ ಕರಗದ ಅಂಟು. ಎಲ್ಲ ಸೇರಿ ಹಲಗೆಯನ್ನ ವಾಪಸ್ ನೆಟ್ಟಗೆ ಮಾಡುತ್ತವೆ.

4 ಎಂಎಂನ ಎರಡು ಹಾಳೆ ತಗೊಳ್ಳಿ. ಒಂದಡಿಗೆ ಎರಡು-ಮೂರಿಂಚು ಎತ್ತೋ ಬಾಗನ್ನ ಆ ದಪ್ಪ ಒಣಗಿದ್ದಾಗಲೇ ತಾಳುತ್ತೆ, ಕೊಪ್ಪರಿಗೆ ಬೆಲ್ಲಕ್ಕಿರಲಿ. ನಡುವೆ ಎಪಾಕ್ಸಿ (ಎರಡು ಭಾಗ ಬೆರೆಸಿ ಹಚ್ಚೋ ಅಂಟು) ಬಳಿದು ಅಚ್ಚಿನ ಮೇಲೆ ಬಗ್ಗಿಸಿ ಬಿಗಿಯಿರಿ. ನೋಟ್‌ಬುಕ್ ಬಗ್ಗಿಸಿದರೆ ಅಂಚಲ್ಲಿ ಹಾಳೆಗಳು ಮೆಟ್ಟಿಲಾಗಿ ಜಾರುತ್ತವಲ್ಲ? ಹಾಗೇ ಜಾರಿದ ಜಾಗದಲ್ಲೇ ಅಂಟು ಗಟ್ಟಿಯಾದ್ರೆ ವಾಪಸ್ ಜಾರೋಕೆ ದಾರಿ ಇಲ್ಲ. ಆದ್ರೂ ಸ್ವಲ್ಪ ಬಿಚ್ಚಿಕೊಳ್ಳುತ್ತೆ: ಸಮ ದಪ್ಪದ ಎರಡು ಹಾಳೆಗೆ ಸುಮಾರು ಕಾಲುಭಾಗ, ಮೂರಕ್ಕೆ ಒಂಬತ್ತರಲ್ಲೊಂದು ಭಾಗ. ಅದಕ್ಕೇ ಅಚ್ಚನ್ನ ಬೇಕಾದ್ದಕ್ಕಿಂತ ಜಾಸ್ತಿ ಬಾಗಿಸಿ.

ಬಿಳಿ ಅಂಟು ಮಾತ್ರ ಬೇಡ. ಸದಾ ಎಳೆತ ಇದ್ದರೆ ನಿಧಾನಕ್ಕೆ ಜರುಗುತ್ತೆ, ಉಪ್ಪುನೀರಂತೂ ಆಗಲ್ಲ. ಎಪಾಕ್ಸಿ ಹಾಕಿದಾಗ ಕ್ಲ್ಯಾಂಪ್‌ನ ತೀರಾ ಹಿಂಡಬೇಡಿ, ಅಂಟೆಲ್ಲ ಹೊರಗೆ ಬಂದು ಸಂದಿ ಬರಿದಾಗುತ್ತೆ. ಅಚ್ಚಿಗೂ ಹಲಗೆಗೂ ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ, ಇಲ್ಲಾಂದ್ರೆ ಅಚ್ಚನ್ನೂ ಕಡಲಿಗೆ ಹೊತ್ಕೊಂಡು ಹೋಗಬೇಕು. ಆಕಾರ ಕೊಯ್ಯೋದು ಅಂಟು ಒಣಗಿದ ಮೇಲೆ. ಆ ಎಂಆರ್ ಹಲಗೆನ ಎಸೀಬೇಡಿ, ಅಚ್ಚಿನ ಪಕ್ಕೆಗಳಿಗೆ ಆಗುತ್ತೆ.

ಉಪ್ಪುನೀರು:
ಮಧ್ಯೆ ಬಾಯಿ ಹಾಕ್ತೀನಿ. ಇಷ್ಟು ತೆಳು ಹಲಗೆ ನಿಮ್ಮನ್ನ ತೇಲಿಸಲ್ಲ. ಸೊಂಟದ ನೀರಲ್ಲಿ ನಿಂತು, ಅಲೆ ಮುರಿಯೋ ಹೊತ್ತಿಗೆ ಕಾಲಲ್ಲಿ ನೆಲ ಒದ್ದು ಹಾರೋದು, ಅಷ್ಟೇ. ಆಳಕ್ಕೆ ಹೋಗಬೇಡಿ, ಮಳೆಗಾಲದಲ್ಲಂತೂ ಇಳೀಲೇಬೇಡಿ. ‘ಟ್ರಯಲ್ ನೋಡೋಣ’ ಅಂತ ವಿಶ್ವೇಶ್ವರಯ್ಯ ನಾಲೆಗೆ ಬೀಳೋ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಮಂಡ್ಯದ_ಅಲೆ:
ನಾಲೆ ಸಹವಾಸ ಬೇಡ ಸಾರ್, ಮನೇಲಿ ಕೊಲ್ತಾರೆ.
710 ಹಾಳೆ ತಂದು ಮಾಡಿದೆ. ಅಚ್ಚು ಮೂರಿಂಚಿಗೆ ಇಟ್ಟಿದ್ದೆ, ಬಿಚ್ಚಿದಾಗ ಎರಡೂಕಾಲು ನಿಂತಿದೆ, ಆಮೇಲೆ ಅಲ್ಲಾಡಿಲ್ಲ. ಎಡ ಅಂಚಲ್ಲಿ ಮಾತ್ರ ಬೆರಳುದ್ದ ಅಂಟು ಕೂತಿಲ್ಲ, ಬ್ಲೇಡ್ ತೂರುತ್ತೆ.

ಗರಗಸ_ಮೈಸೂರು:
ಲೆಕ್ಕಕ್ಕೆ ಸರಿಯಾಗಿ ಬಂದಿದೆ. ಹೇರ್ ಡ್ರೈಯರ್‌ನಲ್ಲಿ ಆ ಜಾಗ ಬೆಚ್ಚಗೆ ಮಾಡಿ, ಬ್ಲೇಡ್‌ನಿಂದ ಸಂದಿ ಅಗಲಿಸಿ ಎಪಾಕ್ಸಿ ಬಿಡಿ, ಬೆಚ್ಚಗಿದ್ದರೆ ತೆಳ್ಳಗಾಗಿ ಒಳಗೆ ಹರಿಯುತ್ತೆ. ಒಂದು ದಿನ ಕ್ಲ್ಯಾಂಪ್. ಆಮೇಲೆ ಸುತ್ತ ಅಂಚಿಗೂ ಎರಡು ಕೈ ಎಪಾಕ್ಸಿ ಹೊಡೀರಿ, ಪ್ಲೈ ನೀರು ಕುಡಿಯೋದೇ ಅಲ್ಲಿ. ಮೇಲೆ ವಾರ್ನಿಶ್ ಬೇಕೇಬೇಕು, ಬರೀ ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಹಾಳಾಗುತ್ತೆ.