ಪದಚರ್ಚೆ: ಮಲಯ್ ಮದುವೆಯ ‘ಬೆರ್ಸಂದಿಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಕಳೆದ ತಿಂಗಳು ಮಲೇಷ್ಯಾದ ಮಲಕ್ಕಾದಲ್ಲಿ ಸಹೋದ್ಯೋಗಿಯೊಬ್ಬರ ತಂಗಿಯ ಮದುವೆಗೆ ಹೋಗಿದ್ದೆ. ಮಲಯ್ ಸಂಪ್ರದಾಯದ ಮದುವೆಯನ್ನು ನಾನು ಕಂಡದ್ದು ಅದೇ ಮೊದಲು. ಅದನ್ನು ಕುರಿತು ಕನ್ನಡದಲ್ಲಿ ಬರೆಯಲು ಕುಳಿತಾಗ, ಇಡೀ ಸಮಾರಂಭದ ಮುಖ್ಯ ಘಟ್ಟಕ್ಕೇ ನನ್ನಲ್ಲಿ ಪದವಿಲ್ಲವೆಂದು ತಿಳಿಯಿತು. ಆ ಘಟ್ಟದ ಹೆಸರು ‘ಬೆರ್ಸಂದಿಂಗ್’. ‘ಸಂದಿಂಗ್’ ಎಂದರೆ ಪಕ್ಕ, ಮಗ್ಗುಲು. ಅದರ ಮೊದಲಿಗೆ ‘ಬೆರ್’ ಎಂಬ ಪೂರ್ವಪ್ರತ್ಯಯ ಸೇರಿದಾಗ, ವಧೂವರರು ಅಕ್ಕಪಕ್ಕದಲ್ಲಿ ಕೂರುವುದು ಎಂಬ ಅರ್ಥ ಬರುತ್ತದೆ.

ಪದವನ್ನು ಆರಿಸುವ ಮೊದಲು ಅಲ್ಲಿ ನಡೆಯುವುದೇನೆಂದು ಹೇಳಬೇಕು. ಧಾರ್ಮಿಕವಾಗಿ ಮದುವೆ ಪೂರ್ಣಗೊಳ್ಳುವುದು ನಿಕಾಹ್‌ನಲ್ಲಿ. ಅಲ್ಲಿ ವಧುವಿನ ಪರವಾಗಿ ‘ವಲಿ’, ಅಂದರೆ ಅವಳ ತಂದೆ ಅಥವಾ ಪೋಷಕ, ಇರುತ್ತಾನೆ, ಇಬ್ಬರು ಸಾಕ್ಷಿಗಳಿರುತ್ತಾರೆ. ಸಾಕ್ಷಿಗೆ ಮಲಯ್ ಭಾಷೆಯಲ್ಲೂ ‘ಸಕ್ಸಿ’ ಎಂದೇ ಹೆಸರು. ಬೆರ್ಸಂದಿಂಗ್ ಇದಾದ ಮೇಲೆ ನಡೆಯುವಂಥದು, ‘ಆದತ್’ಗೆ, ಅಂದರೆ ರೂಢಿಗೆ ಸೇರಿದ್ದು. ‘ಕೊಂಪಾಂಗ್’ ಎಂಬ ಕೈದಮ್ಮಡಿಗಳ ಬಡಿತದೊಂದಿಗೆ, ತೆಂಗಿನ ಹೊಂಬಾಳೆಯಂತೆ ಬಣ್ಣದ ಕಾಗದದಲ್ಲಿ ಮಾಡಿದ ‘ಬುಂಗಾ ಮಂಗ್ಗಾರ್’ ಕೋಲುಗಳನ್ನು ಮುಂದೆ ಹಿಡಿದು ವರನ ದಿಬ್ಬಣ ಬರುತ್ತದೆ. ಜರಿಯ ಸೊಂಗ್‌ಕೆತ್ ಉಟ್ಟ ವಧೂವರರನ್ನು ಹಿಂಬದಿಯೆಲ್ಲ ಅಲಂಕರಿಸಿದ ‘ಪೆಲಾಮಿನ್’ ಎಂಬ ಪೀಠದ ಮೇಲೆ ಕೂರಿಸುತ್ತಾರೆ. ಅವರನ್ನು ಆ ದಿನ ‘ರಾಜಾ ಸೆಹಾರಿ’, ಅಂದರೆ ಒಂದು ದಿನದ ಅರಸರು ಎನ್ನುತ್ತಾರೆ. ಹಿರಿಯರು ಒಬ್ಬೊಬ್ಬರಾಗಿ ಬಂದು, ಎಲೆಗಳ ಕಟ್ಟಿನಿಂದ ಪರಿಮಳದ ನೀರನ್ನು ಅವರ ಕೈಗಳ ಮೇಲೆ ಚಿಮುಕಿಸಿ, ಅರಿಸಿನ ಹಚ್ಚಿದ ಅಕ್ಕಿಯನ್ನೂ ಅರಳನ್ನೂ ತೂರಿ ಹರಸುತ್ತಾರೆ.

ಆ ಅರಿಸಿನದ ಅಕ್ಕಿಯನ್ನು ಕಂಡೊಡನೆ ನನ್ನ ಬಾಯಿಗೆ ಬಂದ ಪದ ‘ಆರತಕ್ಷತೆ’. ಇಂದು ಆ ಪದ ಊಟ, ಉಡುಗೊರೆ, ಛಾಯಾಚಿತ್ರಗಳ ಸಂಜೆಯ ಕೂಟಕ್ಕಷ್ಟೇ ನಿಂತಿದ್ದರೂ, ಅದರೊಳಗಿರುವ ಅಕ್ಷತೆ ಇಲ್ಲಿ ಕಣ್ಣೆದುರಿಗೇ ಇತ್ತು. ಆದರೂ ಈ ಪದವನ್ನು ಬಳಸಬಾರದೆಂದು ನಿರ್ಧರಿಸಿದ್ದೇನೆ. ಅಲ್ಲಿ ಆರತಿಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಆಚರಣೆ ಇಸ್ಲಾಮಿಗೆ ಒಪ್ಪುವುದೇ ಎಂಬ ಚರ್ಚೆ ಮಲಯ್ ಸಮಾಜದೊಳಗೇ ನಡೆಯುತ್ತಿರುವಾಗ, ನಮ್ಮ ಪೂಜೆಯ ಪದವೊಂದನ್ನು ಹೊರಗಿನಿಂದ ತಂದು ಹೊದಿಸುವುದು ನನ್ನನ್ನು ಕರೆದು ಉಪಚರಿಸಿದ ಆ ಮನೆಯವರಿಗೆ ಮಾಡುವ ಅನ್ಯಾಯವಾಗುತ್ತದೆ.

ಎರಡನೆಯ ಪದ ‘ಹಸೆ’. ಇದು ನನಗೆ ಹೆಚ್ಚು ಹಿಡಿಸಿದೆ. ಹಸೆಗೆ ಕರೆಯುವ ಹಾಡುಗಳು ನಮ್ಮಲ್ಲಿ ಊರೂರಿನಲ್ಲಿವೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಮದುಮಕ್ಕಳು ಕೂರುವೆಡೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆಚಿತ್ತಾರ ಬರೆಯುತ್ತಾರೆ. ಕೂರುವ ನೆಲೆ ಮತ್ತು ಅದರ ಹಿಂದಿನ ಸಿಂಗಾರ ಎರಡನ್ನೂ ಒಟ್ಟಿಗೆ ನೆನಪಿಗೆ ತರುವ ಪದ ಇದಾದ್ದರಿಂದ ‘ಪೆಲಾಮಿನ್’ಗೆ ಇದಕ್ಕಿಂತ ಹತ್ತಿರವಾದದ್ದು ನನಗೆ ಹೊಳೆಯಲಿಲ್ಲ. ತೊಡಕಿರುವುದು ‘ಹಸೆಮಣೆ ಏರು’ ಎಂಬ ನುಡಿಗಟ್ಟಿನಲ್ಲಿ. ಪತ್ರಿಕೆಗಳ ಬಳಕೆಯಿಂದ ಅದಕ್ಕೆ ‘ಮದುವೆಯಾಗು’ ಎಂಬ ಅರ್ಥವೇ ಗಟ್ಟಿಯಾಗಿದೆ. ಇಲ್ಲಿಯಾದರೋ ಮದುವೆ ಆಗಲೇ ಮುಗಿದಿರುತ್ತದೆ. ಆದ್ದರಿಂದ ‘ಏರು’ ಎಂಬುದನ್ನು ಬಿಟ್ಟು, ಪಕ್ಕಪಕ್ಕ ಎಂಬ ಮೂಲದ ಅರ್ಥವೂ ಉಳಿಯುವಂತೆ, ‘ಜೋಡಿಹಸೆ’ ಎಂದು ಬರೆದರೆ ಹೇಗೆ? ಈ ರೂಪವಾಗಲಿ ಇದಕ್ಕೆ ಸಮೀಪದ ರೂಪವಾಗಲಿ ಯಾವ ಸೀಮೆಯಲ್ಲಾದರೂ ಬಳಕೆಯಲ್ಲಿದೆಯೇ?

ಇನ್ನೊಂದು ಪದವೂ ನನ್ನನ್ನು ಬಹಳ ಕಾಡಿದೆ. ಹೆಣ್ಣು ಕೇಳುವುದಕ್ಕೆ ಮಲಯ್ ಭಾಷೆಯಲ್ಲಿ ‘ಮೆಮಿನಾಂಗ್’ ಎನ್ನುತ್ತಾರೆ. ಅದರ ಮೂಲ ‘ಪಿನಾಂಗ್’, ಅಂದರೆ ಅಡಕೆ. ಪೆನಾಂಗ್ ದ್ವೀಪದ ಹೆಸರಿನಲ್ಲಿರುವುದೂ ಅದೇ ಅಡಕೆ. ವೀಳ್ಯದೆಲೆಯ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡೇ ಮಾತು ತೆಗೆಯುವುದು ಅಲ್ಲಿಯ ರೂಢಿ. ನಮ್ಮ ‘ಒಪ್ಪುವೀಳ್ಯ’ ಮಾತುಕತೆ ಮುಗಿದು ಒಪ್ಪಿಗೆಯಾದ ಮೇಲಿನದು, ಮೆಮಿನಾಂಗ್ ಕೇಳುವ ಹಂತದ್ದು. ಕೇಳುವ ಆ ಮೊದಲ ಹಂತಕ್ಕೆ ಎಲೆ ಅಡಕೆಯ ನಂಟಿರುವ ಪದವೊಂದು ಕನ್ನಡದಲ್ಲಿ ಇದೆಯೇ ಎಂಬುದು ನನ್ನ ಎರಡನೆಯ ಪ್ರಶ್ನೆ.

ಕಿವಿಗೆ ಪರಿಚಿತವೆನಿಸುವ ಪದಗಳ ಬಗೆಗೂ ಎಚ್ಚರ ಬೇಕಾಗುತ್ತದೆ. ‘ಸುಆಮಿ’ ನಮ್ಮ ಸ್ವಾಮಿಯೇ, ಆದರೆ ಅರ್ಥ ಗಂಡ. ‘ಇಸ್ತೆರಿ’ ಎಂದರೆ ಹೆಂಡತಿ. ‘ಚಿಂತಾ’ ಎಂದರೆ ಪ್ರೀತಿ. ‘ಸೆತಿಯಾ’ ಸತ್ಯದಿಂದ ಬಂದು ನಿಷ್ಠೆಯ ಅರ್ಥಕ್ಕೆ ನಿಂತಿದೆ. ತಮಿಳಿನ ‘ಮಾಪ್ಪಿಳ್ಳೈ’ಯಿಂದ ಬಂದ ‘ಮೆಂಪೆಲೈ’ ವರನಿಗಷ್ಟೇ ಅಲ್ಲದೆ ವಧುವಿಗೂ ಸಲ್ಲುತ್ತದೆ. ಇವನ್ನು ಅನುವಾದಿಸುವಾಗ ಮೂಲದ ಸಂಸ್ಕೃತ ಅಥವಾ ತಮಿಳು ರೂಪಕ್ಕೆ ತಿರುಗಿಸದೆ ಅಲ್ಲಿಯ ಅರ್ಥವನ್ನೇ ಕೊಡುವುದು ಸರಿ ಎಂದು ನನ್ನ ನಿಲುವು.

ಕೊನೆಯದಾಗಿ ಲಿಪಿಯ ಪ್ರಶ್ನೆ. ‘ಬೆರ್ಸಂದಿಂಗ್’, ‘ಪೆಲಾಮಿನ್’ಗಳ ಮೊದಲ ಸ್ವರ ನಮ್ಮ ಎಕಾರವಲ್ಲ; ಅಕಾರಕ್ಕೂ ಎಕಾರಕ್ಕೂ ನಡುವೆ ಅರೆಬರೆಯಾಗಿ ಕೇಳುವ ದನಿ. ಮಲಯ್ ಬರವಣಿಗೆಯನ್ನು ಅನುಸರಿಸಿ ನಾನು ಎಕಾರ ಬಳಸಿದ್ದೇನೆ. ಕಿವಿಗೆ ಕೇಳಿದಂತೆ ‘ಬರ್ಸಂದಿಂಗ್’, ‘ಪಲಾಮಿನ್’ ಎಂದು ಬರೆಯುವುದು ಮೇಲೆಂದು ತೋರಿದರೆ ಬಲ್ಲವರು ಕಾರಣದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.